ಕೊನೆಯ ಕುಂಡಕ್ಕೆ ಮೊದಲ ನೀರು

ಮೇಡಂ ಅವರ ತೋರುಬೆರಳಿನ ಉಗುರಿನಲ್ಲಿ ಸದಾ ಕೆಮ್ಮಣ್ಣು ಇರುತ್ತಿತ್ತು. ಜಯನಗರದ ಮನೆಯ ಬಾಲ್ಕನಿಯಲ್ಲಿ ಸಾಲಾಗಿ ಕುಂಡಗಳು. ಬೆಳಿಗ್ಗೆ ಒಂದೊಂದರ ಮಣ್ಣಿಗೂ ಬೆರಳು ಇಳಿಸಿ, ಕಣ್ಣು ಮುಚ್ಚಿ, ನಾಡಿ ಹಿಡಿದವರಂತೆ ನಿಲ್ಲುತ್ತಿದ್ದರು. ಪೈಪು ಎಟುಕದ ಕೊನೆಯ ಕುಂಡಕ್ಕೆ ಮೊದಲು ಚೊಂಬಿನಲ್ಲಿ ನೀರು. ಆಮೇಲೆಯೇ ನಲ್ಲಿ ತಿರುಗಿಸುವುದು.

ನಾನು ಅವರ ಬಳಿ ಕೆಲಸ ಕಲಿಯಲು ಸೇರಿದ್ದು ಯುಗಾದಿಯ ಮರುದಿನ ಎಂದು ನನ್ನ ಡೈರಿಯಲ್ಲಿದೆ. ಒಂದು ನಾಲೆಯ ಕೆಳಗಿನ ಜಮೀನಿಗೆ ಯಾವ ವಾರ ಎಷ್ಟು ನೀರು ಬೇಕು ಎಂದು, ಆ ಮನೆಯಲ್ಲೇ ಕೂತು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಬೆಳೆ, ಮಣ್ಣು, ಬಿಸಿಲು, ಗಾಳಿ ಎಲ್ಲವನ್ನೂ ತುಂಬಿದರೆ ಪರದೆಯ ಮೇಲೆ ನೀಲಿ ಗೆರೆಯೊಂದು ನಿಧಾನವಾಗಿ ಹರಿಯುತ್ತಿತ್ತು. ಹೊರಗೆ ಹೊಂಗೆ ಹೂ ಉದುರುತ್ತಿರುವಾಗ ಅದನ್ನೇ ನೋಡುತ್ತ ಕೂತರೆ, ರಸ್ತೆಯ ಬಸ್ಸುಗಳ ಸದ್ದೂ ನೀರಿನ ಸದ್ದಿನಂತೆ ಕೇಳುತ್ತಿತ್ತು.

ಮುಂದಿನ ಸಂಕ್ರಾಂತಿಯ ಹೊತ್ತಿಗೆ, ಬೇಸಿಗೆ ಬೆಳೆಗೆ ನೀರು ಬಿಡುವ ಸರದಿಯನ್ನು ಅಧಿಕಾರಿಗಳಿಗೆ ಕಳಿಸಬೇಕಿತ್ತು. ಕಳಿಸುವ ಹಿಂದಿನ ಸಂಜೆ ಲೆಕ್ಕ ಮುಗಿಯಿತು. ನೀರು ಉಳಿಯುತ್ತಿತ್ತು.

"ಸಖತ್ತಾಗಿ ಬಂದಿದೆ ಮೇಡಂ. ನಾಲೆಯ ಕೊನೆ ಊರಿಗೆ ನೀರೇ ಬೇಕಾಗಿಲ್ಲ," ಎಂದೆ.

ಮೇಡಂ ಕಾಫಿ ಲೋಟ ಕೆಳಗಿಟ್ಟರು. "ಯಾಕೆ ಬೇಡವಂತೆ? ಅವರೂರಲ್ಲಿ ಮಾತ್ರ ಮಳೆ ಬರ್ತಿದೆಯಾ?"

"ಉಪಗ್ರಹದ ಚಿತ್ರದಲ್ಲಿ ಅಲ್ಲಿ ಬೆಳೆನೇ ಇಲ್ಲ. ಬೆಳೆ ಇಲ್ಲ ಅಂದ್ರೆ ಬೇಡಿಕೆನೂ ಇಲ್ಲ."

ಅವರು ಪರದೆಯಲ್ಲಿ ಆ ಊರಿನ ಮೇಲೆ ಬೆರಳಿಟ್ಟರು, ಕುಂಡದ ಮಣ್ಣಿಗೆ ಇಡುವ ಹಾಗೆಯೇ. "ನೀರು ತಮ್ಮ ತನಕ ಬರಲ್ಲ ಅಂತ ಬಿತ್ತೋದೇ ಬಿಟ್ಟಿದಾರೆ ಕಣೇ. ಪಂಕ್ತಿ ಕೊನೇಲಿ ಕೂತು, ಬಡಿಸೋರು ಬರದೆ ಎದ್ದು ಹೋದೋರನ್ನ ನೋಡಿ, ಇವರಿಗೆ ಹಸಿವಿಲ್ಲ ಅಂತ ಬರೆದ್ಬಿಟ್ವಲ್ಲ."

ಅಲ್ಲೇ ಆ ಊರಿನ ರೈತರೊಬ್ಬರಿಗೆ ಫೋನ್ ಮಾಡಿದರು. "ನೀರು ಬಂದ್ರೆ ಏನು ಹಾಕ್ತೀರಣ್ಣ?"

"ಬಂದ್ರೆ ತಾನೇ ಅಕ್ಕ," ಎಂದು ಆ ಕಡೆ ನಗು. ಆಮೇಲೆ, "ರಾಗಿ ಹಾಕ್ತೀವಿ."

ಆ ಊರಿನ ಬೆಳೆಯ ಜಾಗದಲ್ಲಿ ನಾನು ರಾಗಿ ಎಂದು ತುಂಬಿದೆ. ನೀಲಿ ಗೆರೆ ಸಣ್ಣದಾಗಿ, ಆದರೆ ಕೊನೆಯವರೆಗೂ ಹೋಯಿತು. ಅದನ್ನೇ ಕಳಿಸಿದೆವು. ಅಧಿಕಾರಿಗಳು ಒಪ್ಪಿದರು. ಆ ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ನಾಲೆಯ ತುದಿಗೆ ತಿಳಿಹಸಿರು ಬಂದಿತ್ತು. ಮೇಡಂ ಅದನ್ನು ನೋಡುತ್ತ ಕೂತು ಕಾಫಿ ಆರಿಹೋಗಲು ಬಿಟ್ಟರು.

ಈ ಆಷಾಢದಲ್ಲಿ ಅವರು ತೀರಿಹೋದರು. ನಡುಮನೆಯ ತುಂಬ ಜನರಿದ್ದರು. ನಾನು ಬಾಲ್ಕನಿಗೆ ಹೋಗಿ ಕೊನೆಯ ಕುಂಡದ ಮಣ್ಣಿಗೆ ಬೆರಳು ಇಳಿಸಿದೆ. ಒಣಗಿತ್ತು. ಅಡುಗೆಮನೆಯಲ್ಲಿ ಚೊಂಬು ಹುಡುಕಿ, ನೀರು ತುಂಬಿಸಿಕೊಂಡು ಬಂದೆ.