ಒಡೆಯದ ನಿಂಬೆಹಣ್ಣು

ಕಿವಿಗೊಡಿ ಮಹಾಜನರೇ. ಇವತ್ತು ಬೆಳಿಗ್ಗೆ ಮೊಮ್ಮಗಳು ಕೇಳಿದಳು: "ತಾತ, ಮೊದಲ ಸಲ ಟ್ರ್ಯಾಕಲ್ಲಿ ಬೈಕ್ ಓಡಿಸ್ಬೇಕು. ಹೊಸಬರ ದಿನ ಹೋಗ್ಲಾ, ಪಳಗಿದವರ ದಿನ ಹೋಗ್ಲಾ?"

ನನಗೆ ನನ್ನ ಮೊದಲ ದಿನ ನೆನಪಾಯಿತು. ಎಂಬತ್ತರ ದಶಕದಲ್ಲಿ ಪುರವರ ಊರಿನ ಬತ್ತಿದ ಕೆರೆಯಂಗಳವೇ ನಮ್ಮ ಟ್ರ್ಯಾಕು. ಬೆಳಿಗ್ಗೆ ಹೊಸಬರು, ಮಧ್ಯಾಹ್ನ ಪಳಗಿದವರು. ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟು, ಅದರ ಮೇಲೆ ಗಾಡಿ ಹತ್ತಿಸಿಯೇ ಹೊರಡುವುದು ಪದ್ಧತಿ. ನಾನೂ ಹತ್ತಿಸಿದೆ. ಮೂರು ಸುತ್ತು ಹೊಡೆದು, ಮಧ್ಯಾಹ್ನವೂ ಓಡಿಸುತ್ತೇನೆಂದು ಮೀಸೆ ತಿರುವುತ್ತ ಬಂದೆ.

ಟೈರಿನ ಗುರುತಿನ ನಟ್ಟನಡುವೆ ನನ್ನ ಹಣ್ಣು ದುಂಡಗೆ ಕೂತಿತ್ತು. ಗಾಳಿ ನಿಂತುಹೋಗಿತ್ತು.

ಮೆಕ್ಯಾನಿಕ್ ಈರಣ್ಣ ಪಿಸುಗುಟ್ಟಿದ: "ಲೇ, ಹಣ್ಣು ಒಡ್ದಿಲ್ಲ. ನೀನಿನ್ನೂ ಹೊಂಟೇ ಇಲ್ಲ ಕಣ್ಲಾ."

"ಮತ್ತೆ ಮೂರು ಸುತ್ತು ಹೊಡೆದೋನು ಯಾರಣ್ಣ?"

"ಅದ್ನೇ ನಾನೂ ಕೇಳ್ತಿರೋದು. ಮಧ್ಯಾಹ್ನದ ಆಸೆ ಬುಟ್ಬುಡು."

ಅನುಮಾನದಿಂದ ಅವನು ಮುಂದಿನ ಚಕ್ರ ಅಲ್ಲಾಡಿಸಿದ. ಅದರ ನಟ್ಟು ಬೆರಳಿಗೇ ಬಿಚ್ಚಿಕೊಂಡು ಬಂತು.

ಮೊಮ್ಮಗಳಿಗೆ, "ಹೊಸಬರ ದಿನಕ್ಕೇ ಹೋಗಮ್ಮ" ಎಂದೆ.

"ಯಾಕೆ ತಾತ, ಭಯನಾ?"

ನಾನು ಅವಳ ಬ್ಯಾಗಿಗೆ ಒಂದು ನಿಂಬೆಹಣ್ಣು ಹಾಕಿದೆ. ಹೆಲ್ಮೆಟ್ಟು ಅಲ್ಲೇ ಕೊಡುತ್ತಾರಂತೆ. ಇದನ್ನು ಮಾತ್ರ ಮನೆಯಿಂದಲೇ ಒಯ್ಯಬೇಕು.