ಹೆಡ್ ಗುಮಾಸ್ತರ ಏಸಿ

ಬೀದಿಯ ಕೊನೆಮನೆಯ ಹೆಡ್ ಗುಮಾಸ್ತರು ಜೀವಮಾನದಲ್ಲಿ ಗೆದ್ದ ಯುದ್ಧ ಒಂದೂ ಇಲ್ಲ. ಆಫೀಸಿನಲ್ಲಿ ಸಾಹೇಬರಿಗೆ, ಮನೆಯಲ್ಲಿ ಭಾಮೈದನಿಗೆ ಸೋತು ಸೋತೇ ತಲೆ ನರೆತಿತ್ತು. ಭಾಮೈದನ ಕಾರು ದೊಡ್ಡದು, ಟೀವಿ ಇನ್ನೂ ದೊಡ್ಡದು. ಆದರೆ ಅವನ ಮನೆಯಲ್ಲಿ ಏಸಿ ಇರಲಿಲ್ಲ. ಈ ಬೇಸಿಗೆಯಲ್ಲಿ ಬೀದಿಯ ಡಾಂಬರೇ ಕರಗತೊಡಗಿದಾಗ ಗುಮಾಸ್ತರು ಏಸಿ ಹಾಕಿಸಿ, ಅವನ ಹೊಟ್ಟೆ ಉರಿಸಲೆಂದೇ ಭಾನುವಾರ ಊಟಕ್ಕೆ ಕರೆದರು.

ಭಾನುವಾರ ಆಕಾಶ ಕೈಕೊಟ್ಟಿತು. ದಪದಪನೆ ಆಲಿಕಲ್ಲು ಬಿದ್ದು ಊರೆಲ್ಲ ಗಡಗಡ ನಡುಗಿತು. ಹಾಗೆಂದು ಕತ್ತಿ ಹಿರಿದ ವೀರರು ಹಿಂದೆ ಸರಿಯುವುದುಂಟೇ? ಗುಮಾಸ್ತರು ಏಸಿ ಹಾಕಿಯೇ ಬಿಟ್ಟರು.

"ರೀ, ನನ್ನ ತಮ್ಮನ ಹಲ್ಲು ಕಟಕಟ ಅಂತಿದೆ, ಆರಿಸ್ರೀ!" ಎಂದು ಹೆಂಡತಿ ಶಾಲು ಹೊದ್ದು ಬೈದಳು.

"ಇರ್ಲಿ ಬಿಡಕ್ಕಾ," ಎಂದ ಭಾಮೈದ, "ನಂಗಿನ್ನೂ ಸೆಕೇನೇ."

ಗುಮಾಸ್ತರು ಇನ್ನಷ್ಟು ತಂಪು ಮಾಡಿದರು. ಮೂಗು ಸೋರುತ್ತಿದ್ದರೂ ಮೀಸೆ ಮಾತ್ರ ಮಣ್ಣಾಗಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಎಷ್ಟು ಹೊತ್ತಾದರೂ ಕೋಣೆ ಒಂದಿಷ್ಟೂ ಬೆಚ್ಚಗಾಗಲಿಲ್ಲ. ಭಾಮೈದ ಕಿಟಕಿ ತೆರೆದು, ಮುಖಕ್ಕೆ ರಾಚಿದ ಗಾಳಿಯನ್ನು ಕಣ್ಮುಚ್ಚಿ ಸವಿದ.

"ಭಾವ, ನಿಮ್ಮ ಏಸಿಗಿಂತ ಇದೇ ಚೆನ್ನಾಗಿದೆ. ಇದಕ್ಕೆಷ್ಟು ಕೊಟ್ರಿ?"

ತಕ್ಕ ಉತ್ತರ ಕೊಡಲು ಗುಮಾಸ್ತರು ಬಾಯಿ ತೆರೆದರು. ಬಂದದ್ದು ಸೀನು.