ನೀ ಏನ್ ಮಾಡಿದಿ, ಅದನ್ನ ಬರಿ

ಜೇವರ್ಗಿಯ ಕಾಲೇಜಿನಲ್ಲಿ ನಮಗೆ ಬಯೋಡಾಟಾ ಬರೆಯಲು ಕಲಿಸಿದವರು ಒಬ್ಬ ಅತಿಥಿ ಉಪನ್ಯಾಸಕಿ. ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ‘ಕಷ್ಟಪಟ್ಟು ದುಡಿಯುವ ಸ್ವಭಾವ’ ಎಂಬ ಸಾಲು ಕಂಡರೆ ಸಾಕು, ಗೀಟು ಬೀಳುತ್ತಿತ್ತು. ನನ್ನ ಸಾಲಿಗೂ ಬಿತ್ತು.

“ಎಲ್ಲಾರೂ ಹಿಂಗೇ ಬರೀತಾರವಾ. ನೀ ಏನ್ ಮಾಡಿದಿ? ಅದನ್ನ ಬರಿ.”

ಕೊಳಕೂರಿನ ನನ್ನ ಗೆಳತಿ ಡಿಪೊಗೆ ಅಲೆದಲೆದು, ಊರಿನ ಬಸ್ಸು ಕ್ಲಾಸಿನ ಹೊತ್ತಿಗೆ ಬರುವಂತೆ ಮಾಡಿದ್ದಳು. ಅದನ್ನೇ ಮೊದಲು ಬರೆ ಎಂದು ಮೇಡಂ ಅವಳಿಗೆ ಹೇಳಿದರು.

ಅತಿಥಿ ಉಪನ್ಯಾಸಕರು ತಮ್ಮದೇ ಕೆಲಸಕ್ಕೆ ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. ಹೆಚ್ಚು ಅಂಕದವರು ಬಂದರೆ ಕೆಲಸ ಹೋದಂತೆಯೇ. ಗೆಳತಿ ತನ್ನ ಬಯೋಡಾಟಾ ತಿದ್ದಿಕೊಂಡು ಬಂದ ದಿನ ಮೇಡಮ್ಮರ ಅರ್ಜಿಯ ಪ್ರಿಂಟ್ ಮೇಜಿನ ಮೇಲಿತ್ತು. ಅದನ್ನು ಓದಿ ಅವಳು ಸುಮ್ಮನಿರಲಿಲ್ಲ.

“ಮೇಡಂ, ಇದ್ರಾಗ ಬರೇ ಡಿಗ್ರಿ, ಮಾರ್ಕ್ಸ್ ಅದಾವ್ರಿ. ನಮಗ ಕಲಿಸಿದ್ದು ಎಲ್ಲಿ ಅದರಿ?”

“ಅದಕ್ಕ ಅಲ್ಲಿ ಜಾಗಾನೇ ಕೊಟ್ಟಿಲ್ಲ ನೋಡವಾ,” ಎಂದು ಮೇಡಂ ನಕ್ಕರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, ಅವಳ ಹಾಳೆಗೆ ಕೈಚಾಚಿದರು.

“ನಿಂದು ತಾ ಇಲ್ಲಿ, ನೋಡ್ತೇನಿ.”